ಅಕ್ಕನ ಅಂಕಪಟ್ಟಿ

ಹಾಸನದ ಕೈಗಾರಿಕಾ ಪ್ರದೇಶ, ಎರಡನೇ ಅಡ್ಡರಸ್ತೆ,
ಶೀಟಿನ ಮಹಡಿಯಲ್ಲಿ ನನ್ನ ಮೇಜು.
ಮೇಜಿನ ಮೇಲೆ ಇವತ್ತೊಂದು ಹೊಸ ಅಣು:
ಬಿತ್ತನೆ ಆಲೂಗೆಡ್ಡೆ ಅದ್ದುವ ಮದ್ದು,
ಇನ್ನೂ ಹೆಸರಿಟ್ಟಿಲ್ಲ, ಬರೀ ನಂಬರು.

ಇದರ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ.
ಇದರ ಅಕ್ಕನ ಬಗ್ಗೆ ಎಲ್ಲ ಗೊತ್ತು.
ಅಕ್ಕನನ್ನು ಬ್ಯಾಕ್ಟೀರಿಯಾದ ತಟ್ಟೆಗೆ ಸುರಿದಿದ್ದಾರೆ,
ಇಲಿಯ ಮೂಳೆಮಜ್ಜೆಯೊಳಗೆ ಹುಡುಕಿದ್ದಾರೆ
ಒಡೆದುಬಿದ್ದ ವರ್ಣತಂತುವಿನ ಚೂರು.
ಎಲ್ಲೂ ಸಿಕ್ಕಿಲ್ಲ. ಅಕ್ಕ ಪಾಸು.
ತಂಗಿಯ ಮೈಮೇಲೆ ಹೆಚ್ಚಿಗೆ ಇರುವುದು ಒಂದೇ ಒಡವೆ:
ಒಂದು ಇಂಗಾಲ, ಮೂರು ಜಲಜನಕ,
ಮೂಗುತಿಯಷ್ಟು.

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬುದನ್ನು
ನಲವತ್ತು ಪುಟಕ್ಕೆ ಹಿಗ್ಗಿಸಿ ಬರೆಯುವುದು ನನ್ನ ನೌಕರಿ.
ನಮ್ಮ ಸೋದರತ್ತೆ ಸಂಬಂಧ ಕುದುರಿಸುತ್ತಿದ್ದುದೂ ಹೀಗೇ,
'ದೊಡ್ಡವಳನ್ನ ಕೊಟ್ಟ ಮನೆಯಲ್ಲಿ ಕೇಳಿ ನೋಡಿ' ಎಂದು.

ತಪ್ಪೆಂದು ಹೇಳುತ್ತಿಲ್ಲ. ಎಲ್ಲ ಅಣುವಿಗೂ
ಇಲಿಗಳನ್ನೆಲ್ಲಿಂದ ತರುವುದು, ಯಾಕೆ ಕೊಲ್ಲುವುದು?
ಊಹೆಗೂ ಒಂದು ಶಿಸ್ತಿದೆ:
ಬೆನ್ನೆಲುಬು ಒಂದೇನಾ? ಒಂದೇ.
ನೀರಲ್ಲಿ ಕರಗುವ ಬಗೆ? ಹೆಚ್ಚುಕಡಿಮೆ.
ಯಕೃತ್ತು ಕಡಿದಾಗ ಉದುರುವ ತುಂಡುಗಳು?
ಅಲ್ಲಿ 'ಬಹುಶಃ' ಎಂದು ಬರೆದು
ಟೀ ಕುಡಿಯಲು ಎದ್ದೆ.

ಮೇ ತಿಂಗಳು. ಎಪಿಎಂಸಿ ಯಾರ್ಡಿನಲ್ಲಿ
ಜಲಂಧರದ ಲಾರಿಗಳು ಚೀಲ ಇಳಿಸುತ್ತಿದ್ದವು.
'ಬಳಕೆಯ ವಿಧಾನ' ಎಂಬ ಖಾನೆ ತುಂಬಲು ಹೋಗಿದ್ದೆ.
ಪುಟ್ಟಗೌರಮ್ಮ ನೀಲಿ ಡ್ರಮ್ಮಿನೊಳಕ್ಕೆ
ಮೊಣಕೈವರೆಗೆ ತೋಳು ಇಳಿಸಿ
ಅಕ್ಕನಲ್ಲಿ ಗೆಡ್ಡೆ ಅದ್ದಿ ಅದ್ದಿ ಎತ್ತುತ್ತಿದ್ದರು.
'ಕೈಗವಸು ಕೊಟ್ಟಿಲ್ವಾ?'
'ಕೊಟ್ಟವ್ರೆ ಕಣವ್ವ. ಗೆಡ್ಡೆ ಜಾರ್ತದೆ.'
ಹೊಸ ಮದ್ದಿನ ಸುದ್ದಿ ಹೇಳಿದೆ, ಮೂಗುತಿ ಸಮೇತ.
ಹಸಿರುಗಟ್ಟಿದ ಗೆಡ್ಡೆಯೊಂದನ್ನು ಆರಿಸಿ ಆಚೆಗೆಸೆದು,
'ಬದನೆ ಎಲೆ ನೋಡಿದೀಯಾ, ಉಮ್ಮತ್ತಿ ಎಲೆ ನೋಡಿದೀಯಾ?
ಒಂದೇ ಮನೆಯವು ಅಂತೀಯ.
ಬದನೇಕಾಯಿ ಉಂಡೆ ಅಂತ ಉಮ್ಮತ್ತಿಕಾಯಿ ಉಣ್ತೀಯಾ?'
ಅಷ್ಟೇ. ಮುಂದಿನ ಚೀಲದ ಹೊಲಿಗೆ ಬಿಚ್ಚಿದರು.

ಬದನೆ, ಉಮ್ಮತ್ತಿ, ಆಲೂಗೆಡ್ಡೆ, ಒಂದೇ ಕುಟುಂಬ:
ಪದವಿಯಲ್ಲಿ ಇದನ್ನೇ ಬರೆದು
ಹತ್ತಕ್ಕೆ ಎಂಟು ತೆಗೆದವಳು ನಾನು.

'ಮಳೆ ಬಿದ್ದರೆ ಬಿತ್ತನೆ ಮುಗೀತು,
ಆಮೇಲೆ ಮದ್ದು ಯಾರ ತಲೆಗೆ ಹಚ್ಚೋಣ?'
ಧರಣೇಂದ್ರ ಸಾರ್ ಕೇಳಿದ್ದು ಸರಿಯೇ.
ನಾಲ್ಕು ದಿನ ಕೇಳಿದೆ. ಮೂರು ಕೊಟ್ಟರು.

ತಟ್ಟೆಯಲ್ಲಿರುವುದು ಕುಂಟು ಜೀವಿ,
ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು.
ಮದ್ದು ಅದರ ವಂಶದ ಬರಹ ತಿದ್ದಿದರೆ ಮಾತ್ರ
ಬೇಯಿಸಲು ಕಲಿತು, ಬೆಳೆದು, ಚುಕ್ಕಿಯಾಗುತ್ತದೆ.
ಇಲ್ಲಿ ಬದುಕಿದವರೇ ಕೆಟ್ಟ ಸುದ್ದಿ.
ತಾವಾಗಿಯೇ ತಿದ್ದಿಕೊಂಡು ಬದುಕುವವೂ ಇವೆ,
ಬರೀ ನೀರಿನ ತಟ್ಟೆಯಲ್ಲೂ ಇಪ್ಪತ್ತರ ಆಸುಪಾಸು;
ಅವನ್ನು ಕಳೆದು ಲೆಕ್ಕ ಹಾಕಬೇಕು.
ಯಕೃತ್ತಿನ ರಸ ಬೆರೆಸಿದ್ದು ಬಲಕ್ಕೆ, ಬೆರೆಸದ್ದು ಎಡಕ್ಕೆ.
ಮೂವತ್ತೇಳು ಡಿಗ್ರಿ, ಜ್ವರವಿಲ್ಲದ ಮೈಯ ಕಾವು,
ಎರಡು ರಾತ್ರಿ.

ಮೂರನೇ ಬೆಳಿಗ್ಗೆ. ಶೀಟಿನ ಮೇಲೆ
ಮೊದಲ ಹನಿಗಳ ಸದ್ದು.
ಎಡಗಡೆಯದು ಮುಗಿಯಿತು, ಹತ್ತೊಂಬತ್ತು.
ಬಲಗಡೆಯದನ್ನು ಬೆಳಕಿಗೆ ಹಿಡಿದು
ಪೆನ್ನಿನ ತುದಿಯಿಂದ ಒಂದೊಂದೇ ಮುಟ್ಟುತ್ತಿದ್ದೇನೆ.
ಇಪ್ಪತ್ತಾರು, ಇಪ್ಪತ್ತೇಳು,
ಇದು ಚುಕ್ಕಿಯೋ, ಗಾಳಿಗುಳ್ಳೆಯೋ,
ಮತ್ತೆ ಮೊದಲಿಂದ.