ಮನೇಲಿಲ್ಲ ಅನ್ನು

ಇಪ್ಪತ್ತೆರಡು ವರ್ಷ ಪಿಗ್ಮಿ ಎತ್ತಿದವನಿಗೆ
ಮುಚ್ಚಿದ ಬಾಗಿಲ ಹಿಂದಿನ ಉಸಿರು ಗೊತ್ತಾಗುತ್ತದೆ.
ಮಂಡಿಪೇಟೆಯಿಂದ ನಿಟುವಳ್ಳಿಯ ಕೊನೇ ಕ್ರಾಸಿನವರೆಗೆ
ಹೊರಗೆ ಚಪ್ಪಲಿ, ಒಳಗೆ ಕುಕ್ಕರಿನ ಮೂರನೇ ಸೀಟಿ,
ಕಿಟಕಿಯಲ್ಲಿ ಮಗು:
‘ಅಪ್ಪ ಮನೇಲಿಲ್ಲ ಅನ್ನು ಅಂದ್ರು.’

ಈ ರಾತ್ರಿ ನನ್ನ ಮನೆಯಲ್ಲೇ ಅದೇ ಕತೆ.
ಒಳಕೋಣೆಯ ಕಂಪ್ಯೂಟರು ಕೇಬಲ್ಲಿನಿಂದ ಹಿಡಿದಿಟ್ಟ ಧಾರಾವಾಹಿ
ನಡುಮನೆಯ ಟಿವಿಗೆ ಕಾಣುತ್ತಿಲ್ಲ.
ನೀಲಿ ಪರದೆ, ಸುತ್ತುವ ಉಂಗುರ,
ಸರ್ವರ್ ಸಿಗಲಿಲ್ಲ.
ನಡುವೆ ಇರುವುದು ಒಂಬತ್ತಿಂಚಿನ ಗೋಡೆ,
ಗೋಡೆಗೆ ಸೊಸೈಟಿಯ ಕ್ಯಾಲೆಂಡರು.

ಕೊಟ್ರಕ್ಕ ಮಂಡಕ್ಕಿ ಬಟ್ಟಲು ಹಿಡಿದು ಕೂತಿದ್ದಾಳೆ.
‘ಜಪಾನಿನ ರೈಲು ಕಾಣ್ತೈತಿ,
ಪಕ್ಕದ ಕೋಣಿ ಕಾಣಂಗಿಲ್ಲ ಅಂದ್ರೆ ಏನೋ ಹಾಲೇಶಿ?’

ಪಿಂಗ್ ಹೊಡೆದೆ. ನಾಕು ಸಲ ಕೂಗಿದೆ,
ನಾಕು ಸಲವೂ ಓಗೊಡಲಿಲ್ಲ.
ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ.
ರೌಟರ್ ಆರಿಸಿ ಮೂವತ್ತು ಎಣಿಸಬೇಕಂತೆ,
ಅಕ್ಕ ನೋಡುತ್ತಿದ್ದಳು, ಇಪ್ಪತ್ತಕ್ಕೇ ಹಚ್ಚಿದೆ.

ಆಮೇಲೆ ಹೊಳೆಯಿತು: ಸಂಜೆ ಕರೆಂಟ್ ಹೋಗಿ ಬಂತಲ್ಲ.
ಈ ರೌಟರ್ ಒಬ್ಬ ವಠಾರದ ಯಜಮಾನ;
ಕತ್ತಲಾದರೆ ಬಾಡಿಗೆಯವರನ್ನೆಲ್ಲ ಎಬ್ಬಿಸಿ
ಮನೆ ಅದಲುಬದಲು ಮಾಡುತ್ತಾನೆ.
ನಿನ್ನೆ ಏಳನೇ ನಂಬರಿನಲ್ಲಿದ್ದ ಕಂಪ್ಯೂಟರು
ಇವತ್ತು ಹನ್ನೊಂದರಲ್ಲಿ.
ಟಿವಿ ಮಾತ್ರ ನನ್ನ ಹಾಗೆ ಹಳೇ ಪುಸ್ತಕ ಹಿಡಿದು
ಏಳರ ಬಾಗಿಲನ್ನೇ ಬಡಿಯುತ್ತಿದೆ.

ತಿದ್ದಿದೆ. ಹನ್ನೊಂದೂ ಬಾಗಿಲು ತೆಗೆಯಲಿಲ್ಲ.

ಜಬೀವುಲ್ಲಾಗೆ ಫೋನ್ ಹಚ್ಚಿದೆ.
ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳಿದ:
‘ನೆಟ್‌ವರ್ಕ್ ಹೆಸರಿನ ಕೆಳಗೆ ಏನು ಬರದೈತಿ, ಓದ್ರಿ.’
ಓದಿದೆ. ಪಬ್ಲಿಕ್.
‘ಅಷ್ಟೇ ಸಾರ್. ಅಪ್‌ಡೇಟ್ ಆದಾಗ ತಲಿ ಕೆಟ್ಟೈತಿ.
ನಿಮ್ಮ ಮನೀನ ಬಸ್ ಸ್ಟ್ಯಾಂಡು ಅಂದ್ಕಂಡೈತಿ.
ಜೇಬು ಹಿಡ್ಕಂಡು ಮೂಲ್ಯಾಗ ಕುಂತೈತಿ,
ಯಾರು ಕರೆದ್ರೂ ಹ್ಞೂಂ ಅನ್ನಲ್ಲ.’

ಪೆಟ್ಟಿಗೆಯನ್ನು ನೋಡಿದೆ.
ಎಂಟು ವರ್ಷ ನಮ್ಮ ಧೂಳು ತಿಂದದ್ದು.
ತಲೆಯ ಮೇಲೆ ಅಕ್ಕನ ಕನ್ನಡಕದ ಡಬ್ಬಿ,
ಹೊಟ್ಟೆಯೊಳಗೆ ಹಲ್ಲಿಯದೊಂದು ಸಂಸಾರ.
ಇಂಥದ್ದು ಒಂದೇ ರಾತ್ರಿಯಲ್ಲಿ ನಮ್ಮನ್ನು
ಹರಿಹರದ ಬಸ್ಸಿಗೆ ಕಾಯುವ ಯಾರೋ ಎಂದು ತಿಳಿಯಿತೆ?

ಪ್ರೈವೇಟ್ ಎಂಬುದರ ಮುಂದೆ ಚುಕ್ಕೆ ಇಟ್ಟೆ.
ಗೋಡೆಯಾಚೆ ಒಂದು ಸದ್ದು.
ಸೋಮವಾರದ್ದು ಬಂತು, ಮಂಗಳವಾರದ್ದು ಬಂತು,
ಬುಧವಾರದ್ದು ಅರ್ಧ;
ಕರೆಂಟು ನುಂಗಿದ ಉಳಿದರ್ಧ
ಯಾವ ನಂಬರಿನಲ್ಲೂ ಇಲ್ಲ.

‘ಸಾಕು ಬಿಡು,’ ಅಂದಳು ಅಕ್ಕ,
‘ಮುಂದ ಆಕಿ ಅಳ್ತಾಳ. ಅದೇನು ನೋಡೋದು.’
ಬಟ್ಟಲ ತಳದ ಶೇಂಗಾ ನನ್ನ ಕಡೆ ಸರಿಸಿದಳು.

ಪಿಗ್ಮಿ ಪುಸ್ತಕದ ಕೊನೇ ಹಾಳೆಯಲ್ಲಿ
ಕಂತು ತಪ್ಪಿಸಿದವರ ಕೆಳಗೆ
ಬರೆದುಕೊಂಡೆ: ಕಂಪ್ಯೂಟರ್, ಹನ್ನೊಂದು.
ಪೆನ್ಸಿಲಿನಲ್ಲಿ.