ಜೋಡಿ ಇಲ್ಲ

ಐದು ವರ್ಷ, ಐದು ದಸರಾ,
ಕುಸ್ತಿ ಕಮಿಟಿಯ ಕೆಂಪು ರಟ್ಟಿನ ಪುಸ್ತಕದಲ್ಲಿ
ರಾಚಯ್ಯನ ಹೆಸರಿನೆದುರು
ಗುಮಾಸ್ತ ಬರೆದದ್ದು ಒಂದೇ ಮಾತು: ಜೋಡಿ ಇಲ್ಲ.

ಮೊದಲ ವರ್ಷ ತೂಕ ಹೆಚ್ಚಾಯಿತು.
ಮಾರ್ಕೆಟ್ಟಿನ ಬೆಲ್ಲದ ತಕ್ಕಡಿಯಲ್ಲಿ ನಿಲ್ಲಿಸಿ ತೂಗಿ
ಆಮೇಲೆ ತಕ್ಕಡಿಗೆ ನೀರು ಚಿಮುಕಿಸಿದರು.
ಮರುವರ್ಷ ಅರ್ಜಿ ತಡವಾಯಿತು.
ಮೂರನೇ ಸಲ ಉಸ್ತಾದನ ರುಜು ಬೇಕೆಂದರು;
ಯಾವ ಗರಡಿಯ ಬಾಗಿಲೂ ತೆರೆಯದವನು
ಉಸ್ತಾದನನ್ನು ಎಲ್ಲಿಂದ ತರಬೇಕು?
ಆಮೇಲಾಮೇಲೆ ನೆಪ ಹುಡುಕುವ ಕಷ್ಟವನ್ನೂ ಬಿಟ್ಟರು.

ಐದು ವರ್ಷವೂ ಬೆಳ್ಳಿ ಗದೆ ಎತ್ತಿದವನು ನಾನು.

ಮಣ್ಣಿನ ವಿಷಯ ಹೇಳಬೇಕು.
ಅಖಾಡಕ್ಕೆ ಕೆಮ್ಮಣ್ಣು ಹೊರುತ್ತಿದ್ದವಳು
ರಾಚಯ್ಯನ ಅವ್ವ, ಸಣ್ಣಮ್ಮ.
ಬೆಟ್ಟದ ತಪ್ಪಲಿಂದ, ಮಂಕರಿಯಲ್ಲಿ, ತಲೆ ಮೇಲೆ ಸಿಂಬೆ.
ಅಂಚಿನಲ್ಲೇ ನಿಂತು ಸುರಿದು
ಕೂಲಿ ಕಾಸು ನೆಲದಿಂದ ಆಯ್ದುಕೊಂಡು ಹೋಗುವಳು.
ನಾವು ಮಜ್ಜಿಗೆ, ಎಳ್ಳೆಣ್ಣೆ, ಅರಿಸಿನ, ನಿಂಬೆರಸ ಕಲಸಿ
ಕರ್ಪೂರ ಹಚ್ಚಿದರೆ ಆಯಿತು, ಮಣ್ಣು ದೇವರು.
ಆ ದೇವರಿಗೆ ಅವಳ ಮಗನ ಅಂಗಾಲು ಮೈಲಿಗೆ.

ಕುಸ್ತಿ ಅಂದರೇನು? ಮುಟ್ಟೋದು.
ಕಿವಿಗೆ ಕಿವಿ ಒತ್ತಿ, ಉಸಿರಿಗೆ ಉಸಿರು ಸಿಕ್ಕಿ
ಒಬ್ಬನ ಬೆವರು ಇನ್ನೊಬ್ಬನ ಬಾಯಿಗೆ ಇಳಿಯೋದು.
ಅಲ್ಲೇ ಇತ್ತು ನೋಡಿ ಕಮಿಟಿಯ ಗಂಟಲ ಮುಳ್ಳು.
ಅವನು ಸೋತರೂ ಮೈಗೆ ಹತ್ತುತ್ತಾನೆ,
ಗೆದ್ದರಂತೂ ಹಾರ ಹಾಕಬೇಕು,
ಮೆರವಣಿಗೆ ನಮ್ಮ ಬೀದಿಗೇ ಬರಬೇಕು.

ಆದರೆ ಕಮಿಟಿಯನ್ನು ಬೈದು ಮುಗಿಸಿದರೆ ಸುಳ್ಳಾಗುತ್ತದೆ.

ಒಂದು ಬೆಳಗಿನ ಜಾವ, ನಾಲ್ಕನೇ ವರ್ಷವಿರಬೇಕು,
ಕಂಬಳಿ ಹೊದ್ದು ಹೋದೆ ರೈಲ್ವೆ ವರ್ಕ್‌ಶಾಪಿನ ಹಿಂದಕ್ಕೆ.
ಕಲ್ಲಿದ್ದಲ ಬೂದಿ, ಮರದ ಹೊಟ್ಟು ಹರಡಿದ ಗುಂಡಿ.
ಗೂಡ್ಸ್ ಗಾಡಿಯ ತುಕ್ಕು ಹಿಡಿದ ಬಫರ್ ಒಂದನ್ನು
ಈ ಹೆಗಲಿಂದ ಆ ಹೆಗಲಿಗೆ ದಾಟಿಸುತ್ತಿದ್ದ,
ಅಳುವ ಕೂಸನ್ನು ಬದಲಿಸುವ ಹಾಗೆ.
ಹುಣಸೆ ಮರದ ಮರೆಯಲ್ಲಿ ನಾನು ಎಣಿಸಿದೆ.
ಮುನ್ನೂರಕ್ಕೆ ನನ್ನ ಬಾಯೊಣಗಿತು.
ತಿರುಗದೆಯೇ ಅಂದ:
‘ಪೈಲ್ವಾನ್ರೇ, ನಿಂತ್ರೆ ಚಳಿ ಹತ್ತುತ್ತೆ.
ಬನ್ನಿ, ಒಂದು ಹಿಡಿತ. ಯಾರೂ ನೋಡಾಕಿಲ್ಲ.’
ಬುದ್ಧೀ ಅನ್ನಲಿಲ್ಲ. ಪೈಲ್ವಾನ್ರೇ ಅಂದ.
‘ಹೊತ್ತಾಯ್ತು’ ಅಂದೆ ನಾನು.
ಇನ್ನೂ ಬೆಳ್ಳಿ ಮೂಡಿರಲಿಲ್ಲ.

ಆ ವರ್ಷ ಪುಸ್ತಕ ನನ್ನ ಮುಂದೆಯೇ ಬಿಚ್ಚಿದರು.
‘ನೀನೇನಂತೀಯಪ್ಪ?’
ಹಿರಿಯರು ಹೇಳಿದಂಗೆ, ಅಂದೆ.
ಕುಲ ಅನ್ನೋದು ಆವತ್ತು ನನಗೆ ಲಂಗೋಟಿಯಾಯಿತು:
ನನ್ನ ಹೆದರಿಕೆಯ ಮಾನ ಮುಚ್ಚಿತು.

ಗರಡಿಯ ಜಾಗದಲ್ಲಿ ಈಗ ಸ್ಕೂಟರ್ ರಿಪೇರಿ.
ಮಂಡಿ ಹೋಯಿತು, ಕೋಲು ಬಂತು.
ಸೊಸೆಯ ಹೆರಿಗೆಗೆ ಗದೆ ಅಡವಿಡಲು ಹೋದಾಗ
ಸೇಟು ಉಗುರಲ್ಲಿ ಗೀರಿ ತೋರಿಸಿದ,
ಮೇಲೊಂದು ಪದರ ತಗಡು, ಒಳಗೆಲ್ಲ ಹಾಲವಾಣದ ಮರ.
ವಾಪಸ್ ತಂದು ಅಟ್ಟಕ್ಕೆ ಹಾಕಿದೆ.

ಮೊನ್ನೆ ಅಶೋಕಪುರಂ ಬಸ್ಸಿನಲ್ಲಿ ನಿಂತಿದ್ದೆ.
ಅಗ್ರಹಾರದ ತಿರುವಲ್ಲಿ ಡ್ರೈವರ್ ಬ್ರೇಕ್ ಒತ್ತಿದ.
ಬೀಳುವವನ ಮಣಿಕಟ್ಟು ಹಿಡಿಯಿತು ಒಂದು ಕೈ.
ಮುಖ ನೋಡುವ ಮೊದಲೇ ಗೊತ್ತಾಯಿತು.
ಅಂಥ ಹಿಡಿತ ಯಾವ ದಸರೆಯಲ್ಲೂ ನನಗೆ ಸಿಕ್ಕಿರಲಿಲ್ಲ.
ಬಸ್ಸು ಸರಿಹೋದ ಮೇಲೂ
ಅರೆಗಳಿಗೆ ಬಿಡಲಿಲ್ಲ ಅವನು, ಅಳತೆ ನೋಡುವವನ ಹಾಗೆ.
ನಾನು ನಿಂತೇ ಇದ್ದೆ.
ಬೆನ್ನು ಮಾತ್ರ ಮಣ್ಣಿಗೆ ತಾಗಿತ್ತು.

‘ಗದೆ ಹೆಂಗದೆ?’ ಅಂದ.
‘ಅದೆ. ಹಗುರ ಅದೆ.’
‘ಬೆಳ್ಳಿ ಅಲ್ವಾ, ಸವೀತದೆ,’ ಅನ್ನುತ್ತ
ಟಿಕೆಟ್ಟಿನ ಚಿಲ್ಲರೆ ಎಣಿಸಿಕೊಂಡು
ವರ್ಕ್‌ಶಾಪ್ ಸ್ಟಾಪಿನಲ್ಲಿ ಇಳಿದುಹೋದ.