ಒಲೆ ಎಂಬ ಹೊಳೆ

ಓವನ್ಸ್ ಎಂದರೆ ಒಲೆಗಳು ಅಂದುಕೊಂಡಿದ್ದೆ.
ಕಾಲಿಟ್ಟೆ, ಹಿಮ್ಮಡಿ ಮರಗಟ್ಟಿತು.
ಯಾವನೋ ಮೇಜರನ ಹೆಸರಂತೆ,
ಈ ನೀರನ್ನು ಕಾಣದೆಯೇ ತೀರಿಕೊಂಡವನು.

ಬುಧವಾರ ಬುಧವಾರ
ಮಿರ್ಟಲ್‌ಫರ್ಡಿನಿಂದ ಮೇಲಕ್ಕೆ ನನ್ನ ಕಾರು,
ಡಿಕ್ಕಿಯಲ್ಲಿ ಹತ್ತಿ, ಪಟ್ಟಿ, ಮುಲಾಮು.
ಸಕ್ಕರೆ ಕಾಯಿಲೆಯ ಕಾಲು, ಎಂಬತ್ತೊಂಬತ್ತು ವಯಸ್ಸು,
ಎವರಿಸ್ತೊ ದಾಲ್ ಪೊಂತೆ.
ಅವನೂ ಕಣಿವೆಯವನೇ, ಬೇರೆ ಆಲ್ಪ್ಸಿನವನು.
"ಇವೂ ಆಲ್ಪ್ಸಾ? ಸವೆದ ದವಡೆಹಲ್ಲು!"
ದೂರದ ಬೆಟ್ಟ ನುಣ್ಣಗೆ, ನಮ್ಮಲ್ಲೊಂದು ಗಾದೆ, ಅಂದೆ.
"ಇದು ಹತ್ತಿರದಿಂದಲೂ ನುಣ್ಣಗೆ.
ಅಷ್ಟು ಮುದಿ. ನನಗಿಂತ."

ಒಂದು ದಿನ ಪಟ್ಟಿ ಕಟ್ಟಿಸಿಕೊಂಡು
ಕೋಲೂರಿ ಹಿತ್ತಿಲಿಗೆ ಕರೆದೊಯ್ದ.
ತಗಡಿನ ಗೋಡೆ, ಸಾಲು ಅಡ್ಡೆಗಳು, ಖಾಲಿ.
ಬಾಗಿಲು ಕಿರುಗುಟ್ಟಿದ್ದೇ ತಡ ನನ್ನ ಮೂಗು
ಪಿರಿಯಾಪಟ್ಟಣಕ್ಕೆ ಓಡಿತು.
ಹೊಗೆಸೊಪ್ಪು! ಬ್ಯಾರನ್ನು!
ರಾತ್ರಿಯೆಲ್ಲ ಸೌದೆ ಒಟ್ಟುತ್ತ ಕೂತ ಅತ್ತೆ,
ಅವಳ ಅಂಟುಗೈ ಮುಟ್ಟಿದ ಅನ್ನವೂ ಕಹಿ.
ಇವನ ಹೆಬ್ಬೆರಳು ನೋಡಿದೆ:
ಕಂಪನಿ ಕೊಳ್ಳುವುದು ನಿಲ್ಲಿಸಿ ಎಷ್ಟೋ ವರ್ಷ,
ಕಪ್ಪು ಇನ್ನೂ ಬಿಟ್ಟಿಲ್ಲ.

"ಆಚೆ ಅಗೆದು ನೋಡು, ಬರೀ ಉರುಟು ಕಲ್ಲು.
ಚಿನ್ನಕ್ಕೆಂದು ಡ್ರೆಜ್ಜು ಬಂತು, ಕಣಿವೆಯನ್ನೇ ಮಗುಚಿತು."
ದೋಸೆಯ ಹಾಗೆ, ಅಂದುಕೊಂಡೆ:
ಕಲ್ಲು ಮೇಲೆ, ಮಣ್ಣು ಕೆಳಗೆ.
ಅದು ತಿನ್ನದೆ ಬಿಟ್ಟ ಹನ್ನೆರಡು ಎಕರೆ ಇವನದು.

ಬಾಗಿಲ ಬೋಲ್ಟಿಗೆ ವಾಷರಾಗಿ
ತಾಮ್ರದ ಕಾಸೊಂದು, ನಡುವೆ ಚೌಕ ತೂತು.
ಉಳುವಾಗ ಸಿಕ್ಕಿತಂತೆ.
ಯಾರದು?
ಅವನು ಬೋಲ್ಟು ಬಿಗಿ ಮಾಡುತ್ತ ತಡಮಾಡಿದ.
"ಅಲ್ಲಿ ಬಕ್ಲಂಡಿನಲ್ಲಿ, ಜುಲೈ ಚಳಿಯಲ್ಲಿ,
ಚೀನೀಯರ ಡೇರೆ, ಗುಡಿ ಸುಟ್ಟು
ಅಟ್ಟಿದರು. ಕೆಲವರು ಹೊಳೆ ದಾಟಲಿಲ್ಲ.
ಆ ನೀರೂ ಇದಕ್ಕೇ ಬಂದು ಸೇರುತ್ತದೆ."
ಕಾಸನ್ನು ಮಾತ್ರ ಬಿಚ್ಚಿ ಕೊಡಲಿಲ್ಲ.

ಕ್ಲಿನಿಕ್ಕಿನಲ್ಲಿ ಶೆರೀಸ್, ಈ ನೆಲದವಳು.
ಬೇಸಿಗೆಗೆ ಪತಂಗಗಳು ಬಯಲು ಬಿಟ್ಟು
ಬೆಟ್ಟದ ಬಂಡೆಬಿರುಕಿಗೆ ಬರುತ್ತಿದ್ದವಂತೆ,
ಬೂದಿಯಲ್ಲಿ ಹುರಿದರೆ ಕಡಲೆಬೀಜದ ರುಚಿಯಂತೆ.
ಅದಕ್ಕೇ ನಿಮ್ಮವರು ಹತ್ತುತ್ತಿದ್ದರಾ, ಕೇಳಿದೆ.
"ಹತ್ತುತ್ತೇವೆ" ಎಂದಳು,
ಸಿರಿಂಜು ಎಣಿಸುತ್ತಲೇ
ನನ್ನ ವ್ಯಾಕರಣ ತಿದ್ದಿ.

ನವೆಂಬರ್. ಕತ್ತಲಾದ ಮೇಲೆ ಇಳಿಯುತ್ತಿದ್ದೆ.
ಹೆಡ್‌ಲೈಟಿಗೆ ಒಂದೇ ಒಂದು ಪತಂಗ
ಬಡಿದು ಬಡಿದು ಬಿತ್ತು, ಮತ್ತೆ ಎದ್ದಿತು.
ಕಾರು ನಿಲ್ಲಿಸಿ ದೀಪ ಆರಿಸಿದೆ,
ಅದು ತನ್ನ ದಾರಿ ಹಿಡಿಯಲಿ ಎಂದು.
ಕೆಳಗೆಲ್ಲೋ ಹೊಳೆ ಕಲ್ಲು ಹೊರಳಿಸುತ್ತಿತ್ತು.
ಕೈ ಮೂಸಿದೆ.
ಮುಲಾಮು, ಅದರಡಿ ಸೊಪ್ಪು.